ಹುಳು ಮನೆಯಲ್ಲಿ ನಮ್ಮ ಬ್ಯಾಂಡು

ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದೆ. ತೋಟಕ್ಕೆ ಮೋಟರ್ ಬಿಟ್ಟೆ. ಹಿಪ್ಪುನೇರಳೆ ಸೊಪ್ಪು ಕೊಯ್ದು, ಬೆರಳಿಗೆ ಹತ್ತಿದ ಕರೆಯನ್ನು ನಿಂಬೆಹೋಳಿನಲ್ಲಿ ಉಜ್ಜಿದೆ. ನಮ್ಮ ದೊಡ್ಡಮ್ಮ ಹಾಗೆ ಉಜ್ಜಿಕೊಂಡವಳಲ್ಲ. ಅವಳ ಬಲಗೈ ಹೆಬ್ಬೆರಳು ಸೊಪ್ಪಿನ ಹಾಲಿಗೆ ಕಪ್ಪಾಗಿ, ಉಗುರು ನಡುವೆ ಸೀಳಿ, ಹುಣಸೆಬೀಜದ ಹಾಗಿತ್ತು.

ಮೇಲೂರಿನಲ್ಲಿ ಅವಳದೊಂದು ಹುಳು ಮನೆ, ರೇಷ್ಮೆಹುಳು ಸಾಕುವ ಶೆಡ್ಡು. ಒಂದು ಬೆಳೆ ಮುಗಿದು ಇನ್ನೊಂದು ಬರುವವರೆಗೆ ಹತ್ತು ಹದಿನೈದು ದಿನ ಖಾಲಿ ಇರುತ್ತಿತ್ತು. ನಾವು ನಾಲ್ವರು ಸ್ನೇಹಿತರು ಮೆಟಲ್ ಬ್ಯಾಂಡ್ ಕಟ್ಟಿದಾಗ ಶಿಡ್ಲಘಟ್ಟದಲ್ಲಿ ಯಾರೂ ರೂಮು ಕೊಡಲಿಲ್ಲ. ದೊಡ್ಡಮ್ಮ ಬೀಗದ ಕೈ ಕೊಟ್ಟಳು. ಹುಳು ಗೂಡು ಕಟ್ಟುವ ಹಳೇ ಬಿದಿರು ಚಂದ್ರಿಕೆಗಳಿಗೆ ಗೋಣಿಚೀಲ ಹೊದಿಸಿ ಗೋಡೆಗೆ ಒರಗಿಸಿದವಳೂ ಅವಳೇ. ಸದ್ದು ಎಮ್ಮೆಗಳವರೆಗೆ ಹೋಗಬಾರದಂತೆ. ಮೊದಲ ದಿನ ನಮ್ಮ ಹಾಡುಗಾರ ಗಂಟಲು ಹರಿಯುವಂತೆ ಅರಚಿದ್ದನ್ನು ಪೂರ್ತಿ ಕೇಳಿ, "ಯಾರ ಮೇಲೆ ನಾಯನಾ ಅಷ್ಟು ಕೋಪ?" ಅಂತ ವಿಚಾರಿಸಿ, ಮೆಣಸಿನ ಕಷಾಯ ತಂದುಕೊಟ್ಟಳು.

ಒಂದು ಸಂಜೆ ಸೊಳ್ಳೆ ಕಾಟ ತಾಳದೆ ನಾನು ಬತ್ತಿ ಹಚ್ಚಿಟ್ಟೆ. ಮಾರನೇ ದಿನ ಮರಿಹುಳುಗಳು ಬಂದವು. ನಾಲ್ಕನೇ ದಿನಕ್ಕೆ ಅಷ್ಟೂ ಹಸಿರು ಕಕ್ಕಿಕೊಂಡು ಸತ್ತವು. ಸೊಳ್ಳೆಬತ್ತಿ ಹುಳುವಿಗೆ ವಿಷ ಅನ್ನೋದು ನಮ್ಮ ಕಡೆ ಮಕ್ಕಳಿಗೂ ಗೊತ್ತು; ನನಗೆ ಆ ಹೊತ್ತಿನಲ್ಲಿ ಹಾಡೊಂದು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಮೂಲೆಯಲ್ಲಿದ್ದ ಬೂದಿ ದೊಡ್ಡಮ್ಮನ ಕಣ್ಣಿಗೆ ಬಿತ್ತು. ದೊಡ್ಡಪ್ಪನಿಗೆ, ಮರಿಯೇ ಸರಿಯಿರಲಿಲ್ಲ ಅಂದುಬಿಟ್ಟಳು. ನನಗೆ ಮಾತ್ರ, "ಇನ್ಮೇಲೆ ಕಚ್ಚಿಸ್ಕೊಂಡು ಬಾರ್ಸಪ್ಪ" ಅಂದಳು. ಅಷ್ಟೇ. ಸತ್ತ ಹುಳುವನ್ನು ನಾವಿಬ್ಬರೇ ಗುಂಡಿಗೆ ಹಾಕಿ ಮುಚ್ಚಿದೆವು.

ಆಮೇಲೆ ನಾವೇ ಹಾಡು ಕಟ್ಟಿ, ನಾವೇ ರೆಕಾರ್ಡ್ ಮಾಡಿ, ಬೆಂಗಳೂರು, ಹೈದರಾಬಾದು, ಕೊನೆಗೆ ಶಿಲ್ಲಾಂಗಿನವರೆಗೂ ಹೋಗಿ ಬಾರಿಸಿ ಬಂದೆವು. ಹತ್ತು ವರ್ಷ ನಡೆಯಿತು. ಕೊನೆಕೊನೆಗೆ ಯಾರಿಗೂ ಮನಸ್ಸಿರಲಿಲ್ಲ. ಹೇಳಿದರೆ ಸ್ನೇಹವೇ ಹೋದೀತೆಂದು ನಾಲ್ವರೂ ಬಾಯಿ ಬಿಡಲಿಲ್ಲ. ಒಂದು ಭಾನುವಾರ ಬರೀ ಗಿಟಾರ್ ಶ್ರುತಿ ಮಾಡುವುದರಲ್ಲೇ ಒಂದು ಗಂಟೆ ಕಳೆದೆವು. ಕಾಫಿ ತಂದ ದೊಡ್ಡಮ್ಮ ಲೋಟ ಕೊಟ್ಟು, ಎಲ್ಲರ ಮುಖ ನೋಡಿ, ಅಲ್ಲೇ ಕೂತಳು.

"ಹಣ್ಣಾಗಿ ಗೂಡು ಕಟ್ಟೋಕೆ ಬಂದ ಹುಳ ಸೊಪ್ಪು ಮುಟ್ಟಲ್ಲ ಕಣ್ರಪ್ಪ. ಸೊಪ್ಪಿನ ಜೊತೆ ಜಗಳಾನಾ ಅದಕ್ಕೆ?"

ಡ್ರಮ್ಮಿನವನು ಕಡ್ಡಿ ಕೆಳಗಿಟ್ಟು, "ನನ್ ಕೈಲಾಗಲ್ಲ ಕಣ್ರೋ, ಸಾಕು" ಅಂದ.

"ಥೂ, ಇದನ್ನ ಹೇಳಕ್ಕೆ ಒಂದು ವರ್ಷ ಬೇಕಾಯ್ತೇನೋ ನಿಂಗೆ?" ಅಂತ ಹಾಡುಗಾರ ಬೈದ. ಬಾಯಿ ಬಿಡಲು ಅವನಿಗೂ ಅಷ್ಟೇ ಹಿಡಿದಿತ್ತು. ಎಲ್ಲರೂ ನಕ್ಕೆವು. ಮುಂದಿನ ತಿಂಗಳು ಅದೇ ಶೆಡ್ಡಿಗೆ ಬೇಕಾದವರನ್ನು ಕರೆದು ಕೊನೆಯ ಸಲ ಬಾರಿಸಿದೆವು. ದೊಡ್ಡಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳು.

ಅವಳು ಹೋಗಿ ಇವತ್ತಿಗೆ ಒಂದು ವರ್ಷ. ನಾನು ಕರೆಯದಿದ್ದರೂ ಸ್ನೇಹಿತರು ಮೂವರೂ ಬಂದರು. ಎಡೆ ಇಟ್ಟು ಕೈಮುಗಿದು, ಮುದ್ದೆ, ಹಿತಕಿದ ಬೇಳೆ ಸಾರು ಉಂಡೆವು. ಹಾಡುಗಾರ ಎರಡು ಸಲ ಸಾರು ಹಾಕಿಸಿಕೊಂಡ. ಚಾಪೆ ಹಾಸಿದ್ದೇ ತಡ, ಡ್ರಮ್ಮಿನವನು ಮೊದಲು ನಿದ್ದೆ ಹೋದ. ಅವನಿಗೆ ಎಚ್ಚರವಾಗಬಾರದೆಂದು ಉಳಿದ ಮೂವರು ಪಿಸುಮಾತಿನಲ್ಲೇ ಮಾತಾಡುತ್ತಾ ಕೂತೆವು.