ರೂಟರಿನ ತಳದ ಚೀಟಿ

ಬೀಗದಪ್ಪ ಎಂದರೆ ಬೀದಿಗೆಲ್ಲ ಗೊತ್ತು. ನಲವತ್ತು ವರ್ಷ ಬೀಗ ರಿಪೇರಿ ಮಾಡಿ, ಕಂಡವರ ಬೀಗಕ್ಕೆಲ್ಲ ಮೂಗು ಮುರಿಯುತ್ತಲೇ ತಲೆ ನರೆಸಿಕೊಂಡ ಮಹಾನುಭಾವ. ಗಿರಾಕಿ ಕೀಲಿಕೈಯನ್ನು ಒಂದು ಗಳಿಗೆ ಮೇಜಿನ ಮೇಲೆ ಬಿಟ್ಟರೆ ಮುಗಿಯಿತು. "ಬುದ್ಧಿ ಇದೆಯೇನ್ರೀ? ಅದರ ಹಲ್ಲು ಕಣ್ಣಿಗೆ ಬಿದ್ರೆ ಸಾಕು, ಕಳ್ಳ ಇನ್ನೊಂದು ಮಾಡ್ಕೋತಾನೆ!" ಎಂದು ಗದರುತ್ತಿದ್ದ. ತನ್ನ ಮನೆಯ ಬಾಗಿಲಿಗೆ ಮೂರು ಬೀಗ. ಹೆಂಡತಿ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಅಂಗಡಿ ಮುಚ್ಚಿದ. ಬಾಯಿ ಮಾತ್ರ ಮುಚ್ಚಲಿಲ್ಲ.

ಅಮ್ಮನನ್ನು ನೋಡಿಕೊಳ್ಳಲೆಂದೇ ಮಗಳು ಆಸ್ಪತ್ರೆಯೊಂದರ ಕೆಲಸವನ್ನು ಮನೆಯಲ್ಲಿ ಕೂತು ಮಾಡುತ್ತಿದ್ದಳು. ಡಾಕ್ಟರುಗಳ ಮಾತು ಕೇಳಿ ರೋಗಿಗಳ ವರದಿ ಟೈಪು ಮಾಡುವ ಕೆಲಸ. ಹೊರಗೆ ಬೀಳಬಾರದ ವಿಷಯಗಳು. ಮನೆಯ ವೈಫೈ ಭದ್ರವಾಗಿಲ್ಲದಿದ್ದರೆ ಆಫೀಸಿಗೇ ಬಂದು ಕೂರಬೇಕು ಎಂದು ಮೊದಲೇ ಹೇಳಿದ್ದರು. ಹಾಗೇನಾದರೂ ಆದರೆ ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸುವವರು ಯಾರು? ಈ ಪುಣ್ಯಾತ್ಮನಂತೂ ಅಲ್ಲ.

ಹೊಸ ರೂಟರ್ ಬಂದ ದಿನ ಮಗಳು, "ಅಪ್ಪಾ, ಕಂಪನಿಯವರು ಕೊಟ್ಟ ಪಾಸ್‌ವರ್ಡ್ ಬದಲಾಯಿಸಿಬಿಡ್ತೀನಿ" ಎಂದಳು.

"ನನಗೇ ಭದ್ರತೆಯ ಪಾಠಾನಾ? ಪಾಸ್‌ವರ್ಡಿನ ಚೀಟಿ ಡಬ್ಬಿಯ ತಳದಲ್ಲಿದೆ. ಮೂರು ಬೀಗ ಒಡೆದು ಬಂದು ಅದನ್ನ ಮಗುಚಿ ನೋಡೋ ಗಂಡು ಯಾರಿದ್ದಾನೆ? ಮುಟ್ಟಬೇಡ!"

ಜಗಳ ಯಾಕೆಂದು ಅವಳು ಸುಮ್ಮನಾದಳು. ಇವನು ಸುಮ್ಮನಿರಬೇಕಲ್ಲ! ರೂಟರಿನ ಫೋಟೋ ತೆಗೆದು ಬೀದಿಯವರ ವಾಟ್ಸಾಪ್ ಗುಂಪಿಗೆ ಹಾಕಿದ. ಯಾರೂ ಕ್ಯಾರೇ ಎನ್ನಲಿಲ್ಲ. ಕಸುಬಿನ ಕಣ್ಣು ನೋಡಿ, ಡಬ್ಬಿಯನ್ನು ಮಗುಚಿ, "ತಳದ ಸ್ಕ್ರೂ ಎಷ್ಟು ಚೆನ್ನಾಗಿ ಕೂತಿದೆ ನೋಡ್ರಪ್ಪಾ" ಎಂದು ಇನ್ನೊಂದು ಫೋಟೋ ಹಾಕಿದ. ನಾಲ್ಕು ಸ್ಕ್ರೂಗಳ ನಡುವೆ ಚೀಟಿ, ಚೀಟಿಯಲ್ಲಿ ಪಾಸ್‌ವರ್ಡ್, ಅಚ್ಚುಕಟ್ಟಾಗಿ. ಈ ಸಲ ಹೆಬ್ಬೆರಳುಗಳ ಸುರಿಮಳೆ. ಬೀಗದಪ್ಪ ಉಬ್ಬಿಹೋದ.

ಎರಡು ವಾರಕ್ಕೆ ಆಫೀಸಿನವರು ರೂಟರಿಗೆ ಸೇರಿದ ಫೋನು, ಕಂಪ್ಯೂಟರುಗಳ ಪಟ್ಟಿ ಕೇಳಿದರು. ಮನೆಯಲ್ಲಿರುವುದು ಮೂರು. ಪಟ್ಟಿಯಲ್ಲಿ ಹದಿನೇಳು! ಇದು ಅಪ್ಪನದೇ ಕೆಲಸವೆಂದು ಮಗಳಿಗೆ ಹೊಳೆಯಿತು. ವಾಟ್ಸಾಪ್ ಗುಂಪಿನಲ್ಲಿ ಹುಡುಕಿದಾಗ ಚೀಟಿಯ ಫೋಟೋ ಸಿಕ್ಕಿತು. ಆಫೀಸಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಬೈಸಿಕೊಂಡು, ಸಂಜೆಯವರೆಗೆ ಗಡುವು ಬೇಡಿಕೊಂಡಳು. ವೈಫೈ ಪಾಸ್‌ವರ್ಡ್ ಬದಲಾಯಿಸಿದಳು, ರೂಟರಿನೊಳಗೆ ಹೋಗುವ ಪಾಸ್‌ವರ್ಡನ್ನೂ ಬದಲಾಯಿಸಿದಳು. ಎರಡೂ ತನಗೊಬ್ಬಳಿಗೇ ಗೊತ್ತೆಂದು ಬರೆದು ಕಳಿಸಿದ ಮೇಲೆ ಕೆಲಸ ಮನೆಯಲ್ಲೇ ಉಳಿಯಿತು.

"ನನ್ನ ಫೋನಿಗೂ ಹಾಕಿಕೊಡೇ."

"ಇಲ್ಲಪ್ಪಾ."

"ನಾನು ನಿನ್ನ ಅಪ್ಪ ಅಲ್ವಾ?"

"ಅಪ್ಪನೇ. ಆದ್ರೆ ಅಮ್ಮನ್ನ ಬಿಟ್ಟು ಹೋಗೋ ಹಾಗಾಗಿದ್ರೆ ನಿನ್ನನ್ನ ಜನ್ಮದಲ್ಲಿ ಕ್ಷಮಿಸ್ತಿರಲಿಲ್ಲ" ಎಂದಳು.

ಅದು ಇವನಿಗೆ ನಾಟಿತೇ? ಎಲ್ಲಿಂದ! ಮುಖ ಗಂಟು ಹಾಕಿಕೊಂಡು ಪಕ್ಕದ ಮನೆಯ ಟೈಲರನ ಹತ್ತಿರ ಹೋದ.

"ನಿಮ್ಮ ವೈಫೈ ಸ್ವಲ್ಪ ಕೊಡ್ರೀ."

ಟೈಲರ್ ಹೊಲಿಗೆ ನಿಲ್ಲಿಸಿದ. "ನಮ್ಮದೆಲ್ಲಿದೆ ಯಜಮಾನ್ರೇ? ಎರಡು ವಾರದಿಂದ ಇಡೀ ಸಾಲಿಗೆ ನಿಮ್ಮದೇ ಅಲ್ವಾ? ಮಧ್ಯಾಹ್ನದಿಂದ ಬರ್ತಿಲ್ಲ. ಹೊಸದರ ಫೋಟೋ ಯಾವಾಗ ಹಾಕ್ತೀರಿ?"