ಷರಾ ಕಾಲಂನಲ್ಲಿ ಕಸ್ತೂರಿ ಮೇಡಂ

ಕಸ್ತೂರಿ ಮೇಡಂ ನಮ್ಮ ಶಹಾಪುರದ ಕಾಲೇಜಿನಲ್ಲಿ ಪುರಾತತ್ವ ಕಲಿಸುವ ಅತಿಥಿ ಉಪನ್ಯಾಸಕಿ. ಒಂಬತ್ತು ವರ್ಷದಿಂದ ಅತಿಥಿಯೇ. ಯಾವ ಮನೆಯವರೂ ಅತಿಥಿಯನ್ನು ಇಷ್ಟು ದಿನ ಹೊಸ್ತಿಲಲ್ಲಿ ನಿಲ್ಲಿಸುವುದಿಲ್ಲ. ನಾನು ಅದೇ ಕಾಲೇಜಿನ ಗ್ರಂಥಪಾಲಕ. ಯಾದಗಿರಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಬರುತ್ತೇವೆ.

ಮೇಡಂ ತಾವು ಓದುವಾಗ ಹೊಲ ಹೊಲ ಸುತ್ತಿ ಬರೆದಿಟ್ಟಿದ್ದ ನಾಲ್ಕು ನೋಟುಬುಕ್ಕುಗಳನ್ನು ಗೆದ್ದಲು ತಿಂದಿತ್ತು. ಅಂದಿನಿಂದ ಒಂದೇ ಹಟ. ವಿದ್ಯಾರ್ಥಿಗಳು ಅಳೆದದ್ದು, ಫೋಟೋ ತೆಗೆದದ್ದು ಎಲ್ಲವೂ ಅಂತರ್ಜಾಲದಲ್ಲಿರಬೇಕು, ಯಾರು ಬೇಕಾದರೂ ನೋಡಬೇಕು. ಪ್ರತಿ ಫೋಟೋಗೆ ನಂಬರು, ಪಟ್ಟಿಯ ಪ್ರತಿ ಸಾಲಿನ ಕೊನೆಗೆ ಷರಾ ಎಂಬ ಟಿಪ್ಪಣಿ ಕಾಲಂ. "ಕಂಡದ್ದೆಲ್ಲಾ ಹಾಕ್ರಿ, ಒಂದೂ ಮುಚ್ಚಿಡಬ್ಯಾಡ್ರಿ" ಎಂದು ಹೇಳಿ ಹೇಳಿ ಹುಡುಗರ ತಲೆ ತಿನ್ನುತ್ತಿದ್ದರು.

ಸುರಪುರದಾಚೆ ಶಾಂತಪ್ಪ ಎಂಬ ವಯಸ್ಸಾದ ರೈತನ ಹೊಲದಲ್ಲಿ ಇಪ್ಪತ್ತಮೂರು ಶಿಲಾವೃತ್ತಗಳಿವೆ. ಬಹಳ ಹಿಂದಿನವರು ಸತ್ತವರನ್ನು ಹೂತು, ಸುತ್ತಲೂ ದುಂಡಗೆ ಗುಂಡುಗಲ್ಲು ಜೋಡಿಸಿದ ಗೋರಿಗಳು.

"ಅಳೀರಿ, ಬರಕೋರಿ. ಆದ್ರ ಒಂದ್ ಕಲ್ಲೂ ಕದಲಬಾರ್ದು ನೋಡ್ರಿ. ನಮ್ಮಪ್ಪ ಇದಕ್ಕ ನೇಗಿಲಾನೂ ತಾಕಿಸಿಲ್ಲ" ಎಂದಿದ್ದ ಶಾಂತಪ್ಪ.

"ಕದಲಂಗಿಲ್ರಿ. ಮಾತು ಕೊಟ್ಟೇನಿ" ಎಂದಿದ್ದರು ಮೇಡಂ.

ಟೇಪು ಬಿಚ್ಚುವ ಮೊದಲು ಶಾಂತಪ್ಪ ಒಂದನೆಯ ವೃತ್ತದ ಕಲ್ಲಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣಿಟ್ಟು, ಕಾಯಿ ಒಡೆದ. ಪೂಜೆಯಿಲ್ಲದೆ ನಮ್ಮ ಕಡೆ ಬೋರ್‌ವೆಲ್ ಕೂಡ ಕೊರೆಸುವುದಿಲ್ಲ. ಸಪ್ನಾ ಎಂಬ ಚುರುಕು ವಿದ್ಯಾರ್ಥಿನಿ ಅದರ ಫೋಟೋವನ್ನೂ ತೆಗೆದಳು. ಹದಿನಾಲ್ಕು ವೃತ್ತ ಅಳೆದಾದ ಮೇಲೆ ಎಲ್ಲವನ್ನೂ ಅಂತರ್ಜಾಲದಲ್ಲಿ ಪ್ರಕಟಿಸಿದಳು. ಜಾಗದ ಗುರುತು ಎಷ್ಟು ಕರಾರುವಾಕ್ಕಾಗಿತ್ತೆಂದರೆ, ಮೊಬೈಲು ಹಿಡಿದವನು ನೇರ ಕಲ್ಲಿನ ಮುಂದೆ ನಿಲ್ಲಬಹುದಿತ್ತು. ಮೇಡಂ ಪೂರ್ತಿ ಅಂಕ ಕೊಟ್ಟರು.

ಹಳೇ ಗೋರಿ, ಕುಂಕುಮ, ನಿಂಬೆಹಣ್ಣು. ಇದನ್ನು ನೋಡಿ ನಿಧಿ ಎಂದುಕೊಳ್ಳದವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ? ಅಂಕ ಕೊಡುವಾಗ ಮೇಡಂಗೂ ಹೊಳೆಯಲಿಲ್ಲ, ಪಕ್ಕದಲ್ಲೇ ಕೂತಿದ್ದ ನನಗೂ ಹೊಳೆಯಲಿಲ್ಲ.

ಅಮಾವಾಸ್ಯೆಯ ಮರುದಿನ ಸುದ್ದಿ ಬಂತು. ಒಂದನೆಯ ವೃತ್ತದ ನಡುವೆ ಆಳುದ್ದದ ಗುಂಡಿ, ಕಲ್ಲುಗಳೆಲ್ಲ ದಿಕ್ಕಾಪಾಲು. ಗುಂಡಿಯ ಪಕ್ಕದಲ್ಲಿ ಸಪ್ನಾಳ ಫೋಟೋದ ಪ್ರಿಂಟು ಬಿದ್ದಿತ್ತಂತೆ.

"ಎಲ್ಲಾ ಅಳಿಸಿಬಿಡ್ತೀನ್ರಿ ಮೇಡಂ" ಎಂದು ಸಪ್ನಾ ಅತ್ತಳು. ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. "ಮುಂದಿನ ತಿಂಗಳು ನಿಮ್ಮ ನೌಕರಿ ರಿನೀವಲ್ ಅದರಿ. ಯಾರೋ ಕಿಡಿಗೇಡಿಗಳು ಅಂತ ಬರದು ಸುಮ್ನಾಗ್ರಿ" ಎಂದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಜಾಗ ಮುಚ್ಚೂಣು, ಸಪ್ನಾ. ಅದನ್ನ ಮೊದಲೇ ಮುಚ್ಚಬೇಕಿತ್ತು, ನಾ ನಿನಗ ಹೇಳಿಕೊಡಲಿಲ್ಲ" ಎಂದರು ಮೇಡಂ. "ಆದ್ರ ತಪ್ಪು ಮುಚ್ಚಾಕ ಬರಂಗಿಲ್ಲ."

ಜಾಗದ ಗುರುತು ತೆಗೆದು ತಾಲ್ಲೂಕಿನ ಹೆಸರಷ್ಟೇ ಉಳಿಸಿದರು. ಪೂಜೆಯ ಫೋಟೋ ಅಳಿಸಿದರು. ಒಂದನೆಯ ವೃತ್ತದ ಷರಾದಲ್ಲಿ ಏನನ್ನೋ ಬರೆದರು. ಮೂವರೂ ಸುರಪುರದ ಬಸ್ಸು ಹತ್ತಿದೆವು. ಅಳೆಯದೆ ಉಳಿದ ಒಂಬತ್ತು ವೃತ್ತಗಳ ಚಿಂತೆ ಯಾರಿಗೂ ಇರಲಿಲ್ಲ. ಕೊಟ್ಟ ಮಾತು ಮುರಿದಿತ್ತು, ಆ ಮುದುಕನಿಗೆ ಮುಖ ತೋರಿಸುವುದು ಹೇಗೆ ಎಂಬುದೇ ದೊಡ್ಡದಾಗಿತ್ತು.

ಶಾಂತಪ್ಪ ಬದುವಿನ ಮೇಲೆ ಕೂತಿದ್ದ. ಬರ್ರಿ ಎನ್ನಲಿಲ್ಲ. ಮೇಡಂ ನಿಂತಲ್ಲಿಯೇ ಮೊಬೈಲು ತೆರೆದು ಓದಿದರು: "ಈ ವೃತ್ತವನ್ನು ನಿಧಿಗಾಗಿ ಅಗೆದು ಹಾಳು ಮಾಡಲಾಗಿದೆ. ಪೂಜೆಯ ಚಿತ್ರವನ್ನೂ ನಿಖರ ಸ್ಥಳವನ್ನೂ ನಾವು ಪ್ರಕಟಿಸಿದ್ದೇ ಕಾರಣ. ಹೊಣೆ ವಿದ್ಯಾರ್ಥಿನಿಯದಲ್ಲ, ಕಲಿಸಿದ ಕಸ್ತೂರಿಯದು."

"ಇನ್ನೊಮ್ಮೆ ಓದ್ರಿ" ಎಂದ.

ಓದಿದರು.

"ಇದು ಎಲ್ಲಾರಿಗೂ ಕಾಣ್ತದೇನು?"

"ಹೌದ್ರಿ."

ಶಾಂತಪ್ಪ ಗುಂಡಿಯ ಕಡೆ ಕೈ ತೋರಿಸಿದ. "ಬರೇ ನಿಮ್ಮದೇ ಹೆಸರದ. ನಿಂಬಿಹಣ್ಣು ಇಟ್ಟಾಂವ ನಾ. ನಂದೂ ಹಾಕ್ರಿ."

ಮೇಡಂ ಮೊಬೈಲನ್ನು ಸಪ್ನಾಳ ಕಡೆ ಚಾಚಿದರು. ಅವಳು ತೆಗೆದುಕೊಂಡಳು. ಶಾಂತಪ್ಪ ತನ್ನ ಹೆಸರಿನ ಜೊತೆ ಅಪ್ಪನ ಹೆಸರನ್ನೂ ನಿಧಾನವಾಗಿ ಬರೆಸಿದ. ಆಮೇಲೆ ಧೋತರ ಕೊಡವಿ ಎದ್ದ.

"ಒಂಬತ್ತು ಉಳದಾವಲ್ಲ. ಟೇಪ್ ತಂದೀರೇನು?"