ಒಲೆಯ ಮುಂದಿನ ತಾಲೀಮು

ಹಳ್ಳಿ ನಾಟಕಗಳಲ್ಲಿ ಹೆಂಡತಿಯ ಪಾರ್ಟು ಮಾಡುವುದು ನನ್ನ ಕಸುಬು. ಊರಿನ ಗಂಡಸರು ಹೊಲದ ಕೆಲಸ ಮುಗಿಸಿ ಬಂದು ನಾಟಕ ಕಲಿಯುತ್ತಾರೆ. ಹೆಣ್ಣಿನ ಪಾರ್ಟಿಗೆ ತಮ್ಮ ಮನೆಯ ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ, ನಮ್ಮಂಥವರನ್ನು ಕರೆಸುತ್ತಾರೆ. ಹೊನ್ನಾಳಿಯಿಂದ ಬ್ಯಾಗು ಹಿಡಿದು ಹೊರಟರೆ ಒಂದು ವಾರ ಚನ್ನಗಿರಿ ಕಡೆ, ಇನ್ನೊಂದು ವಾರ ನ್ಯಾಮತಿ ಕಡೆ, ಆಮೇಲೆ ಜಗಳೂರು. ನಾಟಕ ಬೇರೆ ಬೇರೆ, ಹೆಂಡತಿ ಮಾತ್ರ ಒಬ್ಬಳೇ. ಗಂಡ ಅವಳನ್ನು ಬೈಯುತ್ತಾನೆ, ಹೊಡೆಯುತ್ತಾನೆ, ಇನ್ನೊಬ್ಬಳನ್ನು ತಂದುಕೊಳ್ಳುತ್ತಾನೆ. ಕೊನೆಗೆ ಬುದ್ಧಿ ಬಂದು ಅವನು ಅತ್ತಾಗ ಇವಳು ಅವನ ಕಣ್ಣೀರು ಒರೆಸಬೇಕು. ಒರೆಸಿ ಒರೆಸಿ ನನಗೆ ಸಾಕಾಗಿದೆ.

ಮನೆಯಲ್ಲೂ ಗಂಡನಿದ್ದಾನೆ. ನನ್ನ ದುಡಿಮೆಯಲ್ಲಿ ಉಣ್ಣುತ್ತಾನೆ, ನೆಂಟರ ಮದುವೆಗೆ ಮಾತ್ರ ಒಬ್ಬನೇ ಹೋಗುತ್ತಾನೆ. ನಾನು ಹೋದ ಊರುಗಳಲ್ಲಿ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಾರೆ, ಹತ್ತಿರ ಬರುವುದಿಲ್ಲ. ನಾಟಕದವಳು ಅಲ್ಲವೇ. ಊರೆಲ್ಲ ನನ್ನನ್ನು ನೋಡುತ್ತದೆ, ಮಾತಾಡಿಸುವವರು ಯಾರೂ ಇಲ್ಲ. ಅದಕ್ಕೇ ಇರಬೇಕು, ಬಿಳಿಚೋಡಿನ ಆಚೆ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸು ನನ್ನನ್ನು ಅಡುಗೆಮನೆಗೇ ಕರೆದು ಮಣೆ ಹಾಕಿದ್ದು ಇನ್ನೂ ನೆನಪಿದೆ.

ಅವಳ ಯಜಮಾನನೇ ಆ ಊರಿನ ನಾಟಕದ ಹೀರೋ. ಕುರಿ ಹಿಂಡು ಇದ್ದವನು, ಎತ್ತರದ ಆಳು, ದನಿಯೂ ಗಟ್ಟಿ. ಕೊನೆಯ ತಾಲೀಮುಗಳಿಗೆ ಅಂತ ನಾನು ನಾಟಕಕ್ಕೆ ಮೊದಲೇ ಹೋಗಿ ಅವರ ಮನೆಯಲ್ಲಿ ಉಳಿದಿದ್ದೆ. ಮೊದಲ ದಿನ ಬೆಳಿಗ್ಗೆ ಅವನು ನಡುಮನೆಯಲ್ಲಿ ನಿಂತು ಕಂಬದ ಕಡೆ ಮುಖ ಮಾಡಿ, “ಈ ಮನೇಲಿ ರೊಟ್ಟಿ ಆಗ್ಯಾವೋ ಇಲ್ಲೋ” ಅಂದ. ಅವಳು ರೊಟ್ಟಿ ತಂದಿಟ್ಟಳು. ಅವನು ಅವಳ ಕಡೆ ನೋಡದೆ ಉಂಡು ಎದ್ದ. ಹೊರಗೆ ಹೋಗಿ ಕುಂಟುತ್ತಿದ್ದ ಒಂದು ಕುರಿಯನ್ನು “ಬಾರವ್ವ, ನನ್ನ ತಾಯಿ, ಏನಾತು ನಿನಗೆ” ಅಂತ ಮೈ ಸವರಿ ಮಾತಾಡಿಸಿದ. ಎಷ್ಟು ಮೃದುವಾಗಿತ್ತು ಆ ದನಿ!

ಶೇಂಗಾ ಹುರಿಯುತ್ತಿದ್ದ ಅವಳನ್ನು ಕೇಳಿದೆ, “ಜಗಳ ಆಗೈತೇನವ್ವ?”

“ಜಗಳ ಎಲ್ಲಿದು ಅಕ್ಕಾ. ಜಗಳ ಆಡಾಕೂ ಮಾತು ಬೇಕಲ್ಲ.”

ಆಮೇಲೆ ತಾನೇ ಹೇಳಿದಳು. ನ್ಯಾಮತಿ ಹತ್ತಿರದ ತವರಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದವಳು ಅಲ್ಲೇ ಉಳಿದಳು. ಯಜಮಾನ ಬಾ ಅಂತ ಹೇಳಿ ಕಳಿಸಿದ, ಮತ್ತೆ ಹೇಳಿ ಕಳಿಸಿದ. ತಾಯಿ ಕಣ್ಣು ಮುಚ್ಚುವ ತನಕ ಇವಳು ಬರಲಿಲ್ಲ. ಮಣ್ಣು ಮುಗಿಸಿ ತಿರುಗಿ ಬಂದ ದಿನದಿಂದ ಅವನು ಮಾತು ಬಿಟ್ಟ. ಮಗಳು ಇರುವ ತನಕ “ನಿಮ್ಮವ್ವಗೆ ಹೇಳು” ಅಂತ ಮಗಳ ಕೈಲಿ ಹೇಳಿಸುತ್ತಿದ್ದ. ಮಗಳನ್ನು ಸಂತೇಬೆನ್ನೂರಿಗೆ ಮದುವೆ ಮಾಡಿಕೊಟ್ಟ ಮೇಲೆ ಕಂಬಕ್ಕೆ ಹೇಳುತ್ತಾನೆ. ಹೊಡೆಯುವುದಿಲ್ಲ, ಕುಡಿಯುವುದಿಲ್ಲ.

“ಯಾರ ಹತ್ರಾನಾದ್ರೂ ಹೇಳಿಕೊಂಡರೆ, ಅಷ್ಟೊಳ್ಳೆ ಗಂಡ, ಇನ್ನೇನು ಬೇಕು ನಿನಗೆ ಅಂತಾರೆ” ಅಂದಳು. ಹುರಿದ ಶೇಂಗಾವನ್ನು ಮೊರಕ್ಕೆ ಸುರಿದು ಸಿಪ್ಪೆ ಉಜ್ಜುತ್ತಾ ಸ್ವಲ್ಪ ನಕ್ಕಳು. “ಈ ನಾಟಕ ಶುರು ಆದಾಗಿಂದ ವಾಸಿ ಅಕ್ಕಾ. ಅವರು ನಡುಮನೇಲಿ ಕುಂತು ಜೋರಾಗಿ ಗಂಡನ ಮಾತು ಬಾಯಿಪಾಠ ಮಾಡ್ತಾರೆ. ನಾನು ಇಲ್ಲಿ ಒಲೆ ಮುಂದೆ ಕುಂತು ಸಣ್ಣಗೆ ಹೆಂಡ್ತಿ ಮಾತು ಹೇಳ್ತೀನಿ. ಪುಸ್ತಕದಾಗೆ ಏನೈತೋ ಗೊತ್ತಿಲ್ಲ. ಮೊದಮೊದಲು ನನಗೆ ತೋಚಿದ್ದು ಹೇಳ್ತಿದ್ದೆ. ನಾಟಕ ಕಲಿಸೋ ಪೇಟಿ ಮೇಷ್ಟ್ರು ಮನೆಗೆ ಬಂದು ಎಲ್ಲಾ ಓದಿ ಹೇಳಿಕೊಟ್ಟಾಗ ಕೇಳಿಕೊಂಡೆ, ಈಗ ಸರಿಯಾಗಿ ಬರ್ತೈತೆ.”

ಮೊರ ತೆಗೆದುಕೊಂಡು ನಾನೂ ಒಂದಿಷ್ಟು ಕೇರಿದೆ.

ತಾಲೀಮು ಶಾಲೆಯ ಜಗಲಿಯಲ್ಲಿ ನಡೆಯುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ ಮಳೆ ಬಂದು ಜಗಲಿ ಒದ್ದೆಯಾಯಿತು. ಪೇಟಿ ಮೇಷ್ಟ್ರು ಹಾರ್ಮೋನಿಯಂ ಹೊರಿಸಿಕೊಂಡು ಇವರ ಮನೆಗೇ ಬಂದರು. ನಡುಮನೆ ತುಂಬ ಗಂಡಸರು, ಅವರ ನಡುವೆ ನಾನೊಬ್ಬಳು. ಹೆಂಡತಿ ತಿರುಗಿ ಮನೆಗೆ ಬರುವ ಸೀನು. ಯಜಮಾನ ಎದೆ ಉಬ್ಬಿಸಿ ಕೇಳಿದ:

“ಯಾರ ಅಪ್ಪಣೆ ಪಡೆದು ಈ ಹೊಸ್ತಿಲು ದಾಟಿ ಹೋದೆ?”

ನನ್ನ ಮಾತು ಮರೆತುಹೋಯಿತು. ಹಿಂದಿನ ವಾರ ಚನ್ನಗಿರಿ ಕಡೆ ಬೇರೆ ನಾಟಕ ಮಾಡಿದ್ದೆ, ಬಾಯಿಗೆ ಅದೇ ಬರುತ್ತಿತ್ತು. ತಡವರಿಸುತ್ತಾ ನಿಂತೆ. ಮೇಷ್ಟ್ರು ಪುಸ್ತಕದ ಹಾಳೆ ಹುಡುಕುವಷ್ಟರಲ್ಲಿ ಅಡುಗೆಮನೆಯಿಂದ ದನಿ ಬಂತು.

“ದಾಟಿದ್ದು ಕಾಲು, ಸ್ವಾಮಿ. ಮನಸ್ಸು ಈ ಮನೆಯಲ್ಲೇ ಇತ್ತು.”

ಸಣ್ಣಗಲ್ಲ, ಎಲ್ಲರಿಗೂ ಕೇಳುವ ಹಾಗೆ. ಅವನಿಗೆ ಮಾತು ಅಷ್ಟು ರೂಢಿಯಾಗಿತ್ತು, ಅದೇ ಓಟದಲ್ಲಿ ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಕೈ ಚಾಚಿ, “ಹಾಗಿದ್ದರೆ ಒಳಗೆ ಬಾ. ನಿನ್ನ ಮುಖ ಕಾಣದೆ ಈ ಮನೆ ಕತ್ತಲಾಗಿತ್ತು” ಅಂದುಬಿಟ್ಟ. ಅವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು ಇತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರು.

ಯಾರೋ ಜೋರಾಗಿ ನಕ್ಕರು. “ಈ ಮನೆ ಅಕ್ಕಾರಿಗೇ ಪಾರ್ಟು ಕೊಟ್ಟಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ!” ಅಂದರು. ಯಜಮಾನ ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಮಳೆಯಲ್ಲೇ ಕುರಿ ಹಟ್ಟಿಯ ಕಡೆ ಹೋದ. ತಾಲೀಮು ಅಲ್ಲಿಗೆ ನಿಂತಿತು.

ಸಂಜೆ ಬಂದವನು ಕಂಬಕ್ಕೆ ಹೇಳಿದ, “ಈ ಮನೇಲಿ ನಾಲಿಗೆ ಉದ್ದ ಆಗೈತೆ.” ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ಅದು ನನಗೇ ಅಂದಿದ್ದು ಅಲ್ವಾ ಅಕ್ಕಾ?” ಅವಳ ಮುಖದಲ್ಲಿ ಆಸೆಯಂಥದ್ದು ಇತ್ತು. ಹೌದು ಅಂದೆ.

ಆಮೇಲೆ ಅವನು ಮನೆಯಲ್ಲಿ ಬಾಯಿಪಾಠ ಮಾಡುವುದನ್ನೂ ಬಿಟ್ಟ. ನಾಟಕಕ್ಕೆ ಅವಳು ಬರಲಿಲ್ಲ; ಬಾ ಅಂತ ಯಾರೂ ಹೇಳಲೂ ಇಲ್ಲ. ಕೊನೆಯ ಸೀನಿನಲ್ಲಿ ಅವನು ನಿಜವಾಗಿ ಅತ್ತ. ಮೂಗು, ಗದ್ದ ಎಲ್ಲ ಒದ್ದೆ. ಜನ ಶಿಳ್ಳೆ ಹೊಡೆದರು, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ನನ್ನ ಕೆಲಸ ಮಾಡಿದೆ, ಅವನ ಕಣ್ಣೀರು ಒರೆಸಿದೆ.

ಬೆಳಿಗ್ಗೆ ಬ್ಯಾಗು ತೆಗೆದುಕೊಳ್ಳಲು ಹೋದಾಗ ಅವಳು ಕೇಳಿದಳು, “ಅತ್ರಾ?”

“ಅತ್ರು.”

“ಬಾಳ ಅತ್ರಾ?”

“ಹೂಂ.”

“ಬಂದು ಉಂಡು ಮಕ್ಕಂಡ್ರು” ಅಂದು ಟೀ ಸೋಸಿ ಕೊಟ್ಟಳು. ತನ್ನ ಫೋನು ಕೊಟ್ಟು ನನ್ನ ನಂಬರು ಒತ್ತಿಸಿಕೊಂಡಳು.

ಮಧ್ಯಾಹ್ನ ಅವನು ಕುರಿ ಹೊಡೆದುಕೊಂಡು ಹೋದ ಮೇಲೆ ಫೋನು ಮಾಡುತ್ತಿದ್ದಳು. “ಸುಮ್ನೆ ಮಾಡಿದೆ ಅಕ್ಕಾ” ಅನ್ನುವಳು. ಏನು ಅಡುಗೆ, ಬಿಸಿಲು ಹೆಂಗೈತೆ, ಅಷ್ಟೇ. ನಾನು ಬಸ್ಸಿನಲ್ಲಿರಲಿ, ಬಣ್ಣ ಹಚ್ಚಿಕೊಳ್ಳುತ್ತಿರಲಿ, ಮಾತಾಡುತ್ತಿದ್ದೆ. ನನಗೂ ಬೇರೆ ಯಾರು ಫೋನು ಮಾಡುತ್ತಿದ್ದರು?

ಒಂದು ದಿನ ಮಾಡಿದಾಗ ಹಿಂದೆ ಬಹಳ ಹೆಂಗಸರ ಗದ್ದಲ ಕೇಳಿಸಿತು. “ಸಂತೇಬೆನ್ನೂರಾಗೆ ಇದೀನಿ, ಮಗಳ ಮನೇಲಿ. ಅಡಿಕೆ ಸುಲಿಯಾಕೆ ಹೋಗ್ತೀನಿ” ಅಂದಳು. ಚನ್ನಗಿರಿಯ ನಾಟಕ ಮುಗಿಸಿಕೊಂಡು ನೋಡಲು ಹೋದೆ. ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಕೂತಿದ್ದಳು. ಬೆರಳೆಲ್ಲ ಅಡಿಕೆ ಕಲೆಗೆ ಕಪ್ಪಾಗಿದ್ದವು, ಮುಖ ಸೊರಗಿತ್ತು.

“ಹೆಂಗೆ ಬಂದೆ?” ಅಂದೆ.

“ಒಂದಿನ ನಾನೇ ಎದುರಿಗೆ ನಿಂತೆ ಅಕ್ಕಾ. ನಾನು ಇರಲೋ ಹೋಗಲೋ, ಒಂದು ಮಾತು ನನ್ನ ನೋಡಿ ಹೇಳ್ರಿ ಅಂದೆ. ಕುರಿಗೆ ನೀರು ಇಡ್ತಿದ್ರು. ಇಟ್ಟರು, ಹೋದ್ರು. ನಾನೂ ಬಸ್ ಹತ್ತಿದೆ.”

“ಕರೆಯಾಕೆ ಬರಲಿಲ್ವಾ?”

“ಊರಿನೋರ ಕೈಲಿ ಹೇಳಿ ಕಳಿಸಿದ್ರು, ಬರೋದಾದ್ರೆ ಬರಲಿ ಅಂತ. ಅದನ್ನ ಇಲ್ಲಿಗೆ ಬಂದು ನನ್ನ ಮುಂದೆ ಹೇಳಲಿ ಅಂದೆ. ಬಂದಿಲ್ಲ.”

ಮಗಳ ಮನೆಯೂ ಸುಖದ್ದಲ್ಲ. ಬೀಗಿತ್ತಿ ದಿನಾ ಏನಾದರೂ ಅನ್ನುತ್ತಾಳೆ, ಮಗಳು ನಡುವೆ ಸಿಕ್ಕಿ ಒದ್ದಾಡುತ್ತಾಳೆ. “ಬೈತಾರೆ ಅಕ್ಕಾ. ಆದ್ರೆ ನನ್ನ ಮುಖ ನೋಡೇ ಬೈತಾರೆ” ಅಂದಳು. ಅಷ್ಟರಲ್ಲಿ ಪಕ್ಕದವಳು ಏನೋ ಕೇಳಿದಳು, ಇವಳು ಆ ಕಡೆ ತಿರುಗಿ ಉತ್ತರ ಕೊಟ್ಟು ಮತ್ತೆ ನನ್ನ ಕಡೆ ತಿರುಗಿದಳು. ನನ್ನನ್ನು ತೋರಿಸಿ, “ನಮ್ಮಕ್ಕ” ಅಂದಳು. ನಾಟಕದವರು ಅನ್ನಲಿಲ್ಲ. ಆ ಹೆಂಗಸು ಸರಿದು ನನಗೆ ಕೂರಲು ಜಾಗ ಮಾಡಿದಳು.

ಈಗ ಅವಳ ಫೋನು ಕಡಿಮೆ. ಹೋದ ತಿಂಗಳು ಮಾಡಿದ್ದಳು. ಅವಳ ಊರಿನವರು ಮತ್ತೆ ನಾಟಕ ಇಟ್ಟಿದ್ದಾರಂತೆ, ಯಜಮಾನನೇ ಹೀರೋ ಅಂತೆ. “ನಿಮ್ಮನ್ನ ಕರೀತಾರೆ, ಹೋಗ್ರಿ. ಕೆಲಸ ಯಾಕೆ ಬಿಡ್ತೀರಿ” ಅಂದಳು. ಅವರು ಕರೆದಾಗ ನಾನು ಒಪ್ಪಲಿಲ್ಲ. ಆ ವಾರ ನ್ಯಾಮತಿ ಕಡೆ ಇನ್ನೊಂದು ನಾಟಕವಿತ್ತು, ಅಲ್ಲಿಗೆ ಹೋದೆ.